ನಾಗ್ರಾ ರೆಕಾರ್ಡರ್ ಕಂಪನಿ: 22 ವರ್ಷದ ಹುಡುಗ ಮಾಡಿದ ಪೆಟ್ಟಿಗಿ ಅಷ್ಟು ವರ್ಷ ಹೆಂಗ ಮ್ಯಾಲ ಉಳೀತು? ಗೊತ್ತಿದ್ದಾವ್ರು ಹೇಳ್ರಿ

ತಿಳಕವಾಡಿ_ರೇಡಿಯೋ
ನಮಸ್ಕಾರ್ರೀ ಎಲ್ಲಾರಿಗೂ. ನಮ್ಮ ಆಡಿಯೋ ಲ್ಯಾಬಿಗೆ ಒಂದು ಹಳೇ ನಾಗ್ರಾ 4.2 ಟೇಪ್ ರೆಕಾರ್ಡರ್ ಬಂದೈತಿ, ಹಿಂದ ಡಾಕ್ಯುಮೆಂಟರಿ ಮಾಡ್ತಿದ್ದ ಹಿರಿಯರೊಬ್ಬರ ಮನ್ಯಾವ್ರು ಕೊಟ್ಟಾರ. ಟಾರ್ಚಿಗೆ ಹಾಕೂ ದೊಡ್ಡ ಸೆಲ್ 12 ತಂದು ಹಾಕಿದ್ವಿ, ಮುಂದಿನ ಗುಂಡಿ ತಿರುವಿದ್ವಿ, ಟಕ್ ಅಂತ ಕೂತು ಮೀಟರಿನ ಮುಳ್ಳು ಎದ್ದು ನಿಂತ್ಬಿಡ್ತು ನೋಡ್ರಿ. ಐವತ್ತು ವರ್ಷದ ಹತ್ರ ಆಗಿರೂ ಮಶೀನು, ಸ್ಪೂಲ್ ತಿರಗೂದು ನೋಡಿದ್ರ ಒಂದು ಕೂದಲಷ್ಟೂ ಅಲುಗಾಟ ಇಲ್ಲ. ಟೇಪನ್ನ ಒತ್ತಿ ಹಿಡಿಯೂ ಪಿಂಚ್ ರೋಲರಿನ ರಬ್ಬರ್ ಮಾತ್ರ ಕಲ್ಲಾಗೈತಿ.

ಈಗ ಹುಡುಗರಿಗೆ ಈ ಕಂಪನಿ ಬಗ್ಗೆ ಒಂದು ತಾಸು ಹೇಳಬೇಕು ಅಂತ ಮಾಡೀನಿ. ಇಸವಿ, ಮಾಡೆಲ್ ನಂಬರ್ ಎಲ್ಲಾ ಸಿಗ್ತಾವ, ಅದಲ್ಲ ನನಗ ಬೇಕಾಗಿದ್ದು. ಸ್ವಿಟ್ಜರ್ಲೆಂಡಿನ ಒಂದು ಸಣ್ಣ ಕಂಪನಿ 1951ರಿಂದ ಹಿಡಿದು ಹತ್ರಹತ್ರ 40 ವರ್ಷ ರೇಡಿಯೋದಾಗ, ಸಿನಿಮಾದಾಗ ಎಲ್ಲಾರ ಹೆಗಲ ಮ್ಯಾಲೆ ಹೆಂಗ ಕೂತಿತ್ತು, ಮತ್ತ ಡಿಜಿಟಲ್ ಬಂದ ಮ್ಯಾಲೆ ಆ ಜಾಗಾ ಯಾಕ ಹೋತು, ಇದು ನನಗ ತಿಳೀಬೇಕು. ಹೊಸದನ್ನ ಕಂಡುಹಿಡಿದಿದ್ದು ಏನು, ಇದ್ದದ್ದನ್ನ ಛಲೋ ಮಾಡಿದ್ದು ಏನು, ಬಿಡಿಸಿ ಹೇಳ್ರಿ.

ಜಮಖಂಡಿ_09
ಫೋಟೋ ಹಾಕ್ರೀ ಮೊದ್ಲ.

ಟೇಪ್_ಕಾಕಾ
ಒಳ್ಳೇ ಪ್ರಶ್ನೆ ತಮ್ಮಾ. ನಾನು ವಿಜಯಪುರದಾವ, ನೌಕರಿ ಎಲ್ಲಾ ಸೌಂಡ್ ರೆಕಾರ್ಡಿಂಗಿನ್ಯಾಗ ಕಳದದ. ನಾಗ್ರಾ ಹೆಗಲಿಗೆ ಹಾಕ್ಕೊಂಡು ಓಬಿಗೆ, ಅಂದ್ರ ಸ್ಟುಡಿಯೋದ ಹೊರಗಿನ ರೆಕಾರ್ಡಿಂಗಿಗೆ ಹೋದಾವ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಮಾಡಿದಾವ ಸ್ಟೆಫಾನ್ ಕುಡೆಲ್ಸ್ಕಿ. 1929ರಾಗ ಪೋಲೆಂಡಿನ ವಾರ್ಸಾದಾಗ ಹುಟ್ಟಿದಾವ, 1939ರಾಗ ಯುದ್ಧ ಬಂತು, ಮನಿಮಂದಿ ಎಲ್ಲಾ ಊರು ಬಿಟ್ಟು ಹಂಗೇರಿ, ಫ್ರಾನ್ಸ್ ದಾಟಿ ಸ್ವಿಟ್ಜರ್ಲೆಂಡಿಗೆ ಬಂದ್ರು. ಲೊಸಾನಿನಾಗ ಎಂಜಿನಿಯರಿಂಗ್ ಕಲಿಯೂ ಮುಂದ ಅವನ ತಲ್ಯಾಗ ಇದ್ದದ್ದು ರೇಡಿಯೋ ಅಲ್ಲವೇ ಅಲ್ಲ, ತಾನ ಕೆಲಸ ಮಾಡೂ ಯಂತ್ರ. ಅಂಥಾ ಯಂತ್ರಕ್ಕ ಹೇಳಿದ್ದನ್ನ ಹಿಡಿದಿಟ್ಟುಕೊಳ್ಳಾಕ ಏನರೆ ಬೇಕಲ್ಲ, ಅದಕ್ಕ ಮ್ಯಾಗ್ನೆಟಿಕ್ ಟೇಪ್ ಹಿಡಿದ. ಅಲ್ಲಿಂದ ಹೊಳ್ಳಿ ಧ್ವನಿ ರೆಕಾರ್ಡಿಂಗಿಗೆ ಬಂದ. 1951ರಾಗ ಮೊದಲನೇ ನಾಗ್ರಾ, ಸಣ್ಣ ವಾಲ್ವ್‌ಗಳು, ಮೋಟರಿಗೆ ಗ್ರಾಮೋಫೋನಿನಂಗ ಕೀಲಿ ಕೊಡೂ ಸ್ಪ್ರಿಂಗು. ಯಾಕ ಸ್ಪ್ರಿಂಗು ಅಂತ ಕೇಳ್ರಿ: ವಾಲ್ವ್ ಕಾಯಿಸಾಕ ಒಂದು ಬ್ಯಾಟರಿ, ಅದಕ್ಕ ಹೆಚ್ಚಿನ ವೋಲ್ಟೇಜ್ ಕೊಡಾಕ ಮತ್ತೊಂದು ಬ್ಯಾಟರಿ, ಅದರ ಮ್ಯಾಲೆ ಮೋಟರಿಗೂ ಬ್ಯಾಟರಿ ಅಂದ್ರ ಹೊರಾವ್ರು ಯಾರು? ಕೈಲೆ ಕೀಲಿ ಕೊಟ್ರ ಆ ಭಾರ ತಪ್ತದ. 1952ರಾಗ ಸ್ವಿಸ್ ತಂಡ ಎವರೆಸ್ಟಿಗೆ ಹೋದಾಗ, ನಮ್ಮ ತೇನ್‌ಸಿಂಗ್ ಇದ್ದ ತಂಡ ಅದು, ಈ ಮಶೀನ್ ಅವರ ಜೋಡಿ ಹೋಗಿತ್ತು.

ಆದ್ರ ಖರೇ ಆಟ ಶುರು ಆಗಿದ್ದು ನಾಗ್ರಾ 3ರಿಂದ, 1957-58ರಾಗ. ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂತು, ಸ್ಪ್ರಿಂಗ್ ಹೋಗಿ ಎಲೆಕ್ಟ್ರಿಕ್ ಮೋಟರ್ ಬಂತು, ಮತ್ತ ಆ ಮೋಟರಿನ ವೇಗಾನ ಎಲೆಕ್ಟ್ರಾನಿಕ್ ಸರ್ಕಿಟ್ ಕಾಯಾಕ ಹತ್ತಿತು. ನಿನಗ ಬೇಕಾಗಿದ್ದ ಉತ್ತರ ಈ ಮೂರನೇದರಾಗ ಅದ.

ಗೋಕಾಕ_ಎಂಜಿನಿಯರ್
ಕಾಕಾ, ನಿಮ್ಮ ಮಾತಿಗೆ ಗೌರವ ಐತಿ, ಆದ್ರ ಟೇಪ್ ರೆಕಾರ್ಡಿಂಗ್ ಅಂದ ಕೂಡ್ಲೆ ಎಲ್ಲಾರೂ ಸ್ವಿಸ್ ಸ್ವಿಸ್ ಅಂತಾರ, ಅಡಿಪಾಯ ಹಾಕಿದ್ದು ಜರ್ಮನ್ನರು, ಅದನ್ನ ಹೇಳದ ಮುಂದ ಹೋಗಬಾರದು. ಫ್ರಿಟ್ಜ್ ಫ್ಲಾಯ್ಮರ್ 1928ರಾಗ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಹಚ್ಚಿದ. ಎಇಜಿ ಕಂಪನಿ ಮ್ಯಾಗ್ನೆಟೋಫೋನ್ ಕೆ1 ಅನ್ನೂ ಟೇಪ್ ಮಶೀನನ್ನ 1935ರಾಗ ಬರ್ಲಿನ್ ರೇಡಿಯೋ ಪ್ರದರ್ಶನದಾಗ ಇಟ್ರು, ಟೇಪ್ ಬಿಎಎಸ್‌ಎಫ್‌ದು. ಆಗ ಧ್ವನಿ ಗರಗರ ಅಂತಿತ್ತು. 1940ರಾಗ ಜರ್ಮನ್ ರೇಡಿಯೋದ ವಾಲ್ಟರ್ ವೆಬರ್ ಮತ್ತ ಫಾನ್ ಬ್ರೌನ್‌ಮ್ಯೂಲ್ ಹೈ ಫ್ರೀಕ್ವೆನ್ಸಿ ಬಯಾಸ್, ಅಂದ್ರ ಧ್ವನಿ ಜೋಡಿ ಕಿವಿಗೆ ಕೇಳದಷ್ಟು ಎತ್ತರದ ಇನ್ನೊಂದು ಸಿಗ್ನಲ್ ಟೇಪಿಗೆ ಕೊಡೂ ಉಪಾಯ ಕಂಡುಹಿಡಿದ್ರು, ಒಂದು ಆಂಪ್ಲಿಫೈಯರ್ ತಾನ ಆಸಿಲೇಟ್ ಆಗಾಕ ಹತ್ತಿದ್ದು ನೋಡಿ, ಗದ್ದಲ ಕಮ್ಮಿ ಆತಲ್ಲ ಅಂತ ಬೆನ್ನು ಹತ್ತಿ ಹೋದ್ರು. ಇದು ಇಲ್ಲಂದ್ರ ನಾಗ್ರಾನೂ ಇಲ್ಲ, ಅಮೆರಿಕದ ಆಂಪೆಕ್ಸ್ ಟೇಪ್ ಮಶೀನೂ ಇಲ್ಲ.

ಟೇಪ್_ಕಾಕಾ
ಇದನ್ನ ಯಾರು ಇಲ್ಲಂದ್ರು? ಟೇಪು ಜರ್ಮನಿದ. ಆದ್ರ ಮ್ಯಾಗ್ನೆಟೋಫೋನು ಕೂಡಿಸಿದ ಜಾಗಾದಾಗ ಕೂಡೂ ಮಶೀನು, ಅದನ್ನ ತಗೊಂಡು ಹೊಲಕ್ಕ ಹೋಗಾಕ ಆಗ್ತದೇನು? ರೇಡಿಯೋಕ್ಕ ಬೇಕಾಗಿದ್ದು ಸ್ಟುಡಿಯೋದ ಗುಣ, ಹೆಗಲ ಮ್ಯಾಲೆ. ಆ ಎರಡನ್ನೂ ಒಂದ ಕಡೆ ತಂದಾವ ಕುಡೆಲ್ಸ್ಕಿ.

ಗೋಕಾಕ_ಎಂಜಿನಿಯರ್
ಹಂಗಾರ ಅದು ಹೊಸ ಶೋಧ ಅಲ್ಲ, ಸುಧಾರಣೆ ಅನ್ರಿ. ನಾನು ಹೇಳೂದು ಅಷ್ಟ.

ಉದ್ಯಮಬಾಗ_ಲೇಥ್
ಗೋಕಾಕ ಸಾಹೇಬ್ರ, ಸುಧಾರಣೆ ಅಂತ ಸಣ್ಣ ಮಾಡಿ ಹೇಳಬ್ಯಾಡ್ರಿ. ನಾನು ಬೆಳಗಾವಿ ಉದ್ಯಮಬಾಗದಾಗ ಮಶೀನ್ ಶಾಪ್ ನಡಸ್ತೀನಿ, ಡ್ರಾಯಿಂಗ್ ಮ್ಯಾಲೆ ಶಾಫ್ಟು ಬರಿಯೂದು ಸುಲಭ, ಆ ಶಾಫ್ಟು ಓಲಾಡದಂಗ ತಿರುಗಿಸೂದು ಏನು ಅಂತ ನಮಗ ಗೊತ್ತು. ಟೇಪ್ ಎಳಿಯೂ ಕ್ಯಾಪ್‌ಸ್ಟನ್ ಶಾಫ್ಟಿನಾಗ ಕೆಲವು ಮೈಕ್ರಾನ್ ಓಲಾಟ ಬಂದ್ರ ಅದು ಸೀದಾ ಧ್ವನಿಯೊಳಗ ಕೇಳಸ್ತೈತಿ, ಹಾಡಾವ್ರ ಗಂಟಲ ನಡುಗಿದಂಗ. ನಾವು ಪಂಪಿನ ಶಾಫ್ಟ್ ಮಾಡಿದ್ರ ಗಿರಾಕಿ ಮೈಕ್ರೋಮೀಟರ್ ಹಚ್ಚಿ ನೋಡ್ತಾನ, ಇವರ ಶಾಫ್ಟನ್ನ ಕೇಳಾವ್ರ ಕಿವಿನ ಅಳೀತಿತ್ತು. ಆ ಕಾಲದಾಗ ಅದನ್ನ ಸಾವಿರಾರು ಮಶೀನಿನಾಗ ಒಂದ ನಮೂನಿ ತಂದಾರಲ್ಲ, ಅದ ದೊಡ್ಡ ಶೋಧ.

ಗುಮ್ಮಟದ_ಎಕೋ
ಕಾಕಾ ಆ ವೇಗ ಕಾಯೂ ಸರ್ಕಿಟ್ ಹೆಂಗ ಕೆಲಸ ಮಾಡ್ತಿತ್ತು ಹೇಳ್ರಿ ಪ್ಲೀಸ್, ನಾನು ಎಲೆಕ್ಟ್ರಾನಿಕ್ಸ್ ಸ್ಟೂಡೆಂಟು, ನಮಗ ಸರ್ವೋ ಅಂತ ಒಂದು ಚಾಪ್ಟರ್ ಅದ ಆದ್ರ ಎಲ್ಲಿ ಉಪಯೋಗ ಅಂತ ಯಾರೂ ಹೇಳಿಲ್ಲ.

ಟೇಪ್_ಕಾಕಾ
ಹೇಳ್ತೀನಿ. ಬ್ಯಾಟರಿ ಮೋಟರಿನ ತೊಂದರಿ ಏನಂದ್ರ ಸೆಲ್ ಇಳದಂಗ ವೇಗ ಇಳೀತದ. ರೆಕಾರ್ಡ್ ಮಾಡೂ ಮುಂದ ಟೇಪ್ ನಿಧಾನ ಓಡಿರ್ತದ, ಸ್ಟುಡಿಯೋಕ್ಕ ಬಂದು ಸರಿ ವೇಗದಾಗ ಹಚ್ಚಿದ್ರ ಧ್ವನಿ ಏರಿ ಕೀಚಲು ಆಗ್ತದ, ಹಾರ್ಮೋನಿಯಂ ಪಟ್ಟಿನ ಬದಲಾಗ್ತದ. ಮಾತಿನ ರೆಕಾರ್ಡಿಂಗ್ ಇದ್ರ ನಡೀತದ, ಹಾಡು ಇದ್ರ ಕೆಲಸ ಕೆಟ್ಟಂಗ.

ನಾಗ್ರಾ 3ರಾಗ ಮೋಟರಿನ ಜೋಡಿ ಒಂದು ಹಲ್ಲಿನ ಚಕ್ರ ತಿರುಗ್ತದ, ಅದರ ಮಗ್ಗಲಿಗೆ ಒಂದು ಸಣ್ಣ ಮ್ಯಾಗ್ನೆಟಿಕ್ ಹೆಡ್. ಒಂದೊಂದು ಹಲ್ಲು ದಾಟಿದಾಗೂ ಒಂದೊಂದು ಪಲ್ಸ್, ಅಂದ್ರ ವೇಗ ಅನ್ನೋದು ಒಂದು ಫ್ರೀಕ್ವೆನ್ಸಿ ಆತು. ಆ ಫ್ರೀಕ್ವೆನ್ಸಿ ಇರಬೇಕಾದ ಜಾಗಾದಿಂದ ಸರದ್ರ ಸರ್ಕಿಟ್ಟಿಗೆ ತಿಳೀತದ, ತಕ್ಷಣ ಮೋಟರಿನ ಕರೆಂಟ್ ಹೆಚ್ಚು ಕಮ್ಮಿ ಮಾಡ್ತದ. ಘಟ್ಟ ಏರೂ ಮುಂದ ಸೈಕಲ್ ತುಳಿಯಾವ ಯಾರೂ ಹೇಳದ ತಾನ ಜೋರ ಒತ್ತತಾನಲ್ಲ, ಹಂಗ. ಸೆಲ್ ಹೊಸಾದು ಇರ್ಲಿ ಹಳೇದು ಇರ್ಲಿ, ಮಶೀನ್ ಹೆಗಲ ಮ್ಯಾಲೆ ಜೋತಾಡ್ಲಿ, ವೇಗ ಅಷ್ಟ. ಸೆಕೆಂಡಿಗೆ 19 ಸೆಂಟಿಮೀಟರ್ ಅಂದ್ರ 19.

ಗುಮ್ಮಟದ_ಎಕೋ
ಈಗ ತಿಳೀತು ಕಾಕಾ!! ನಮ್ಮ ಚಾಪ್ಟರಿನ್ಯಾಗ ಇದ ಇತ್ತು ಆದ್ರ ಬರೇ ಬಾಣ ಹಾಕಿದ ಚೌಕಗಳು.

ಬಾದಾಮಿ_ಫೀಲ್ಡ್
ನಾನು ಜಾನಪದ ಸಂಗ್ರಹ ಮಾಡಾಕಿ. ಕಾಕಾ ಹೇಳಿದ ಪಟ್ಟಿ ಬದಲಾಗೂ ವಿಷಯ ಬಾಳ ಮಹತ್ವದ್ದು, ಅದರ ನೋವು ನಮಗ ಗೊತ್ತು. ಬಾಗಲಕೋಟಿ ಸೀಮಿ ಗೀಗೀ ಪದ, ಚೌಡಕಿ ಪದ ಇವೆಲ್ಲಾ ಹಿಂದ ಸಾದಾ ಕ್ಯಾಸೆಟ್ ರೆಕಾರ್ಡರಿನಾಗ ಹಿಡಿದಿಟ್ಟ ಟೇಪುಗಳು ನನ್ನ ಕಡೆ ಬಂದಾವ, ಎಷ್ಟೋ ಟೇಪಿನ್ಯಾಗ ಹಾಡಾಕಿ ಯಾವ ಶ್ರುತಿಗೆ ಹಾಡ್ಯಾಳ ಅನ್ನೋದ ಗೊತ್ತಾಗೂದಿಲ್ಲ, ಯಾಕಂದ್ರ ಮಶೀನ್ ಯಾವ ವೇಗದಾಗ ಓಡಿತ್ತೋ ದೇವರಿಗೇ ಗೊತ್ತು. ಹಾಡಿದಾಕಿ ಈಗ ಇಲ್ಲ, ಕೇಳೂಣು ಅಂದ್ರ ಯಾರನ್ನ ಕೇಳೂದು? ಅವತ್ತು ವೇಗ ಕಾಯೂ ಮಶೀನ್ ನಮ್ಮ ಹಳ್ಳಿಗೆ ಬಂದಿದ್ರ ಇವತ್ತು ಆ ಶ್ರುತಿ ನಮ್ಮ ಕೈಯಾಗ ಇರ್ತಿತ್ತು.

ಇನ್ನೊಂದು. ನಾಗ್ರಾದ ಮುಚ್ಚಳ ಹಾಕಿದ್ರ 5 ಇಂಚಿನ ಸ್ಪೂಲ್ ಅಷ್ಟ ಕೂಡ್ತಿತ್ತು, 7 ಇಂಚಿಂದು ಹಾಕಬೇಕಂದ್ರ ಮುಚ್ಚಳ ತಗೀಬೇಕು. ಸಾದಾ ದಪ್ಪದ ಟೇಪಿನ 5 ಇಂಚಿನ ಸ್ಪೂಲು 19ರ ವೇಗಕ್ಕ 15 ನಿಮಿಷ ಬರ್ತದ. ನಮ್ಮ ಬಯಲಾಟ ರಾತ್ರಿ ಶುರು ಆಗಿ ಬೆಳಗಿನ ತನಕ ನಡೀತದ, ಒಂದು ಪದಾನ 15 ನಿಮಿಷ ದಾಟ್ತದ. ಹಾಡಾವ್ರನ್ನ ನಿಲ್ಲಸಿ 'ತಡೀರಿ ಸ್ಪೂಲ್ ಬದಲಸ್ತೀನಿ' ಅನ್ನಾಕ ಬರ್ತದೇನು? ಎಷ್ಟ ಛಲೋ ಮಶೀನ್ ಆದ್ರೂ ಅದನ್ನ ಮಾಡಿದ್ದು ಯುರೋಪಿನ ರೇಡಿಯೋ ವರದಿಗಾರರ ಸಲುವಾಗಿ, ಮೂರು ನಿಮಿಷದ ಸಂದರ್ಶನಕ್ಕ.

ಟೇಪ್_ಕಾಕಾ
ಅಕ್ಕಾರ ಹೇಳಿದ್ದು ಖರೇ. ಮುಚ್ಚಳ ತಗದು 7 ಇಂಚಿಂದು ಹಾಕಿದ್ರ ಅರ್ಧ ತಾಸು, ಆದ್ರ ವಿಜಯಪುರದ ಬ್ಯಾಸಗಿ ಧೂಳಿನಾಗ ಮುಚ್ಚಳ ತಗಿಯಾಕ ಜೀವ ಒಪ್ತಿರಲಿಲ್ಲ. ನಾವು ಪದ ಮುಗದು ದಮ್ಮಡಿ ಬಡಿಯೂ ಹೊತ್ತಿಗೆ ಸ್ಪೂಲ್ ಬದಲಸ್ತಿದ್ವಿ, ಕೈ ಪಳಗಿತ್ತು.

ಮುಧೋಳ_ಮೈಕ್‌ಸೆಟ್
ಇಷ್ಟೆಲ್ಲಾ ಹೇಳ್ತೀರಲ್ಲ, ಆ ಮಶೀನ್ ರೇಟ್ ಎಷ್ಟಿತ್ತು? ನಮ್ಮಂಥಾವ್ರು ಕೊಳ್ಳೂದು ದೂರ ಉಳೀತು, ಸರ್ಕಾರದಾವ್ರ ಹತ್ತು ಸಲ ವಿಚಾರ ಮಾಡ್ತಿದ್ರು. ಹೊಸ ಶೋಧ ಅಂದ್ರ ದುಬಾರಿದ ಆಗಬೇಕೇನು? ನಮ್ಮ ಅಹುಜಾ ನೋಡ್ರಿ, 1940ರಿಂದ ಡೆಲ್ಲಿಯಾಗ ನಡದಿರೂ ಕಂಪನಿ, ಜಾತ್ರಿ, ಮದುವಿ, ಎಲೆಕ್ಷನ್ನು ಎಲ್ಲಾ ಅದರ ಮ್ಯಾಲೆ. ಕರೆಂಟ್ ಹೋದ್ರ 12 ವೋಲ್ಟಿನ ಬ್ಯಾಟರಿ ಹಚ್ಚಿದ್ರ ಆತು ಆಂಪ್ಲಿಫೈಯರ್ ನಡೀತದ, ಟ್ರ್ಯಾಕ್ಟರ್ ಬ್ಯಾಟರಿ ಮ್ಯಾಲೆ ನಾನು ಇಡೀ ರಾತ್ರಿ ಭಜನಿ ನಡಸೀನಿ. ನಮ್ಮ ಊರಿನ ಕರೆಂಟು ನೋಡಿ ಮಾಡಿದ ಮಶೀನ್ ಅದು. ಇದು ಯಾಕ ಶೋಧದ ಲೆಕ್ಕಕ್ಕ ಬರೂದಿಲ್ಲ?

ತಿಳಕವಾಡಿ_ರೇಡಿಯೋ
ಮುಧೋಳ ಅಣ್ಣಾ, ಬರ್ತೈತಿ, ಯಾಕ ಬರಬಾರದು. ಎರಡೂ ಕಡೆ ಬುದ್ಧಿ ಒಂದ: ಮಶೀನ್ ನಡಿಯೂ ಜಾಗಾದಾಗ ಏನು ತೊಂದರಿ ಐತಿ ಅಂತ ನೋಡಿ ಮಾಡೂದು. ಇದನ್ನ ಹುಡುಗರಿಗೆ ಹೇಳಬೇಕಂತನ ನಾನು ಈ ಎಳಿ ಶುರು ಮಾಡಿದ್ದು.

ಇಳಕಲ್_ಬೆಂಗಳೂರು
ಸಿನಿಮಾ ಕಡೆಯಿಂದ ಒಂದು ಮಾತು. ನಾನು ಬೆಂಗಳೂರಲ್ಲಿ ಲೊಕೇಶನ್ ಸೌಂಡ್ ಮಾಡ್ತೀನಿ, ಊರು ಇಳಕಲ್. ನಾಗ್ರಾ ಸಿನಿಮಾದಲ್ಲಿ ಗೆದ್ದಿದ್ದು ಪೈಲಟ್ ಸಿಗ್ನಲ್‌ನಿಂದ, ಇದನ್ನ ಯಾರೂ ಹೇಳ್ಲಿಲ್ಲ ಇನ್ನೂ.

ಕ್ಯಾಮೆರಾದ ಫಿಲ್ಮಿಗೆ ಅಂಚಿನಲ್ಲಿ ತೂತು ಇರುತ್ತೆ, ಅದು ಜಾರಲ್ಲ. ಕಾಲು ಇಂಚಿನ ಟೇಪಿಗೆ ತೂತಿಲ್ಲ, ಹಿಗ್ಗುತ್ತೆ, ಜಾರುತ್ತೆ, ಹತ್ತು ನಿಮಿಷದ ಶಾಟ್ ಆದ್ರೆ ಕೊನೆಗೆ ತುಟಿ ಒಂದು ಕಡೆ ಮಾತು ಒಂದು ಕಡೆ. ಅದಕ್ಕೆ ಕ್ಯಾಮೆರಾದಿಂದ 50 ಇಲ್ಲಾ 60 ಹರ್ಟ್ಸ್ ಸಿಗ್ನಲ್ ಒಂದನ್ನ ಕೇಬಲ್‌ನಲ್ಲಿ ತಂದು ಅದೇ ಟೇಪ್ ಮೇಲೆ ಬರೀತಿದ್ರು. ಆಮೇಲೆ ಸ್ಟುಡಿಯೋದಲ್ಲಿ ಪ್ಲೇ ಮಾಡುವಾಗ ಆ ಸಿಗ್ನಲ್ ನೋಡ್ಕೊಂಡು ಮಶೀನ್ ವೇಗ ಸರಿ ಮಾಡ್ಕೊಳ್ಳುತ್ತೆ. ಆದ್ರೆ ಅದೇ ಟೇಪ್ ಮೇಲೆ ಬರೆದ್ರೆ ಮಾತಿನ ಜೊತೆ ಗುಂಯ್ ಅಂತ ಕೇಳಬೇಕಲ್ವಾ? ಇಲ್ಲೇ ಇರೋದು ಚಂದ. ನಿಯೋಪೈಲಟ್ ಅಂತ ನಾಗ್ರಾದವರು ತಂದ ಪದ್ಧತಿಯಲ್ಲಿ ಟೇಪಿನ ನಡುವೆ ಎರಡು ಸಣ್ಣ ಗೆರೆಯಲ್ಲಿ ಅದೇ ಸಿಗ್ನಲ್ ಬರೀತಾರೆ, ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ, ಉಲ್ಟಾ. ಟೇಪಿನ ಪೂರ್ತಿ ಅಗಲ ಓದೋ ಹೆಡ್‌ಗೆ ಎರಡೂ ಒಂದಕ್ಕೊಂದು ಕಳೆದು ಸೊನ್ನೆ ಆಗುತ್ತೆ, ಧ್ವನಿ ಮಾತ್ರ ಕೇಳುತ್ತೆ. ಪೈಲಟ್ ಓದೋ ಹೆಡ್ ಬೇರೆ, ಅದಕ್ಕೆ ಮಾತ್ರ ಆ ಗೆರೆ ಕಾಣುತ್ತೆ. ಆಮೇಲೆ ಕ್ರಿಸ್ಟಲ್ ಬಂತು, ಕ್ಯಾಮೆರಾ ಮತ್ತೆ ರೆಕಾರ್ಡರ್ ಎರಡರಲ್ಲೂ ಕ್ರಿಸ್ಟಲ್ ಗಡಿಯಾರ, ಕೇಬಲ್ಲೇ ಬೇಡ. ಸೌಂಡ್ ಮಾಡೋನು ಕ್ಯಾಮೆರಾಮನ್ ಸೊಂಟಕ್ಕೆ ಕಟ್ಟಿ ಹಾಕ್ಕೊಂಡು ಓಡಾಡೋದು ಅಲ್ಲಿಗೆ ಮುಗೀತು. ಕುಡೆಲ್ಸ್ಕಿಗೆ ಆಸ್ಕರ್ ಅಕಾಡೆಮಿಯವರು ಒಂದಕ್ಕಿಂತ ಹೆಚ್ಚು ಸಲ ತಾಂತ್ರಿಕ ಗೌರವ ಕೊಟ್ಟಿದ್ದಾರೆ, 1990ರ ಗೋರ್ಡನ್ ಸಾಯರ್ ಪ್ರಶಸ್ತಿ ಸೇರಿ.

ಗೋಕಾಕ_ಎಂಜಿನಿಯರ್
ನಿಯೋಪೈಲಟ್ ಅನ್ನು ನಾನೂ ಒಪ್ತೀನಿ, ಅದು ಖರೇನ ಹೊಸ ವಿಚಾರ. ಬರೇ ಸುಧಾರಣೆ ಅಲ್ಲ.

ಖಾನಾಪುರ_ಮಳಿ
ಸ್ವಲ್ಪ ಬ್ಯಾರೆ ವಿಷಯ, ಕ್ಷಮಿಸ್ರಿ. ನಮ್ಮ ಮನ್ಯಾಗ ಅಜ್ಜನ ಕಾಲದ ಸ್ಪೂಲ್ ಟೇಪ್ ಒಂದು ಟ್ರಂಕ್ ತುಂಬ ಅದಾವ, ಭಜನಿ, ನಾಟಕದ ಹಾಡು. ಖಾನಾಪುರದ ಮಳಿ ನಿಮಗ ಗೊತ್ತಲ್ಲ, ಟೇಪಿನ ಅಂಚಿಗೆಲ್ಲಾ ಬಿಳೇ ಬೂಷ್ಟು ಹಿಡದೈತಿ. ಕೆಲವು ಟೇಪ್ ಬಿಡಸಾಕ ಹೋದ್ರ ಅಂಟಂಟು. ಹಚ್ಚಿ ಕೇಳಬಹುದೇನ್ರಿ?

ಬಾದಾಮಿ_ಫೀಲ್ಡ್
ಹಚ್ಚಬ್ಯಾಡ್ರಿ!! ದಯಮಾಡಿ. ಬೂಷ್ಟು ಹಿಡಿದ ಟೇಪ್ ಮಶೀನಿಗೆ ಹಾಕಿದ್ರ ಬೂಷ್ಟು ಮಶೀನಿಗೂ, ಅಲ್ಲಿಂದ ಮುಂದಿನ ಟೇಪಿಗೂ ಹರಡ್ತದ. ಮೊದ್ಲ ಒಣಾ ಜಾಗಾದಾಗ ಬ್ಯಾರೆ ಇಡ್ರಿ, ಬಿಸಲಿಗೆ ಒಡ್ಡಬ್ಯಾಡ್ರಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಮುಟ್ರಿ. ಅಂಟೂ ಟೇಪಿನ ಕಥಿ ಬ್ಯಾರೆ, ಕಬ್ಬಿಣದ ಪುಡಿ ಹಿಡಿದಿಡೂ ಅಂಟು ಗಾಳಿಯ ಹಸಿ ಕುಡದು ಮೆತ್ತಗಾಗಿರ್ತದ. ಅಂಥಾದ್ದು 70-80ರ ದಶಕದ ಕೆಲವು ನಮೂನಿ ಟೇಪಿನ್ಯಾಗ ಜಾಸ್ತಿ. ಅದನ್ನ 50 ಡಿಗ್ರಿಯ ಆಸುಪಾಸಿನಾಗ ತಾಸುಗಟ್ಟಲೆ ಒಣಗಸಿ ಒಂದ ಸಲ ಪ್ಲೇ ಮಾಡಿ ಕಂಪ್ಯೂಟರಿಗೆ ಇಳಿಸ್ತಾರ. ಆದ್ರ ಎಲ್ಲಾ ಟೇಪಿಗೂ ಇದು ನಡಿಯೂದಿಲ್ಲ, ಹಳೇ ಅಸಿಟೇಟ್ ಟೇಪು ಕಾಯಿಸಿದ್ರ ಹಾಳಾಗ್ತದ. ಬೆಳಕಿಗೆ ಹಿಡದು ನೋಡ್ರಿ, ಸುತ್ತಿದ ಟೇಪಿನೊಳಗಿಂದ ಬೆಳಕು ಕಂಡ್ರ ಅಸಿಟೇಟು. ಮನ್ಯಾಗಿನ ಓವನ್ನಿಗೆ ಇಡಾಕ ಹೋಗಬ್ಯಾಡ್ರಿ.

ಖಾನಾಪುರ_ಮಳಿ
ಅಕ್ಕಾರ ಬಾಳ ಉಪಕಾರ ಆತು. ಟ್ರಂಕ್ ಇವತ್ತ ಅಟ್ಟದಿಂದ ಇಳಸ್ತೀನಿ.

ಜಮಖಂಡಿ_09
ವಿಷಯಕ್ಕ ಬರ್ರಿ, ಡಿಜಿಟಲ್ ಬಂದಾಗ ಏನಾತು?

ಇಳಕಲ್_ಬೆಂಗಳೂರು
ಡಿಜಿಟಲ್‌ಗೆ ನಾಗ್ರಾದವರು ಬರ್ಲಿಲ್ಲ ಅನ್ನೋದು ತಪ್ಪು ಕಲ್ಪನೆ. 1992ರಲ್ಲೇ ನಾಗ್ರಾ-ಡಿ ಬಂತು, ನಾಲ್ಕು ಟ್ರ್ಯಾಕ್, 24 ಬಿಟ್, ಕಾಲು ಇಂಚಿನ ಟೇಪ್ ಮೇಲೆ ತಿರುಗೋ ಹೆಡ್. ಆಗ ಉಳಿದವರು 16 ಬಿಟ್ ಡ್ಯಾಟ್‌ನಲ್ಲಿ, ಅಂದ್ರೆ ಸಣ್ಣ ಕ್ಯಾಸೆಟ್ಟಿನ ಡಿಜಿಟಲ್ ಟೇಪ್‌ನಲ್ಲಿ ಇದ್ರು. ಆಮೇಲೆ 90ರ ದಶಕದ ನಡುವೆ ರೇಡಿಯೋ ವರದಿಗಾರರಿಗೆ ಅಂತಾನೇ ಆರೆಸ್-ಸಿ ತಂದ್ರು, ಅದರಲ್ಲಿ ಟೇಪೇ ಇಲ್ಲ, ಮೆಮೊರಿ ಕಾರ್ಡ್ ಮೇಲೆ ರೆಕಾರ್ಡಿಂಗ್, ಅಲ್ಲೇ ಎಡಿಟ್ಟು. ಈಗ ಪ್ರತಿ ವರದಿಗಾರನ ಮೊಬೈಲ್ ಮಾಡೋ ಕೆಲಸ ಅದು, ಆಗಲೇ ಯೋಚಿಸಿದ್ರು. ತೊಂದರೆ ಆಗಿದ್ದು ಗುಣದಲ್ಲಿ ಅಲ್ಲ. ನಾಗ್ರಾ-ಡಿ ಭಾರ, ಬೆಲೆ ಎರಡೂ ಜಾಸ್ತಿ. ಡ್ಯಾಟ್ ಸಣ್ಣದು, ಅಗ್ಗ, ಧ್ವನಿ ಸಾಕಷ್ಟು ಚೆನ್ನಾಗೇ ಇತ್ತು. 90ರ ಕೊನೆಗೆ ಜಾಕ್ಸ್‌ಕಾಮ್‌ನವರ ದೇವಾ ಹಾರ್ಡ್‌ಡಿಸ್ಕ್ ರೆಕಾರ್ಡರ್ ಬಂತು, ಆಮೇಲೆ ಸೌಂಡ್ ಡಿವೈಸಸ್ ಕಂಪನಿಯ ರೆಕಾರ್ಡರ್‌ಗಳು. ಟೇಪ್ ಹೋದ್ಮೇಲೆ ವೇಗ ಕಾಯೋ ವಿದ್ಯೆನೇ ಬೇಡ ಆಯ್ತಲ್ಲ, ನಾಗ್ರಾದವರ ಕೈಯಲ್ಲಿದ್ದ ದೊಡ್ಡ ಬಂಡವಾಳನೇ ಅದು. ಮೆಮೊರಿ ಕಾರ್ಡಿಗೆ ಕ್ಯಾಪ್‌ಸ್ಟನ್ ಎಲ್ಲಿ?

ಉದ್ಯಮಬಾಗ_ಲೇಥ್
ಇದು ಓದಿ ಮನಸ್ಸಿಗೆ ತಟ್ಟಿತು. ಕಾರಿನ ಎಂಜಿನ್ ಹೋಗಿ ಬ್ಯಾಟರಿ ಬಂದ್ರ ಉದ್ಯಮಬಾಗದ ಎಷ್ಟು ಶಾಪಿಗೆ ಇದ ಗತಿ ಬರ್ತೈತಿ, ನಾವು ದಿನಾ ಮಾತಾಡೂ ವಿಷಯ ಇದು. ಐವತ್ತು ವರ್ಷ ಕಲ್ತ ಕೈ ವಿದ್ಯಾಕ್ಕ ಗಿರಾಕಿನ ಇಲ್ದಂಗ ಆಗೂದು.

ಟೇಪ್_ಕಾಕಾ
ಆದ್ರ ಕಂಪನಿ ಮುಳುಗಲಿಲ್ಲ, ಅದನ್ನೂ ಹೇಳಬೇಕು. 1989ರಾಗ ಫ್ರಾನ್ಸಿನ ಕನಾಲ್ ಪ್ಲಸ್ ಟಿವಿಗೆ ಸಿಗ್ನಲ್ ಮುಚ್ಚಿ ಕೊಡೂ ಪದ್ಧತಿ ಮಾಡಿಕೊಟ್ರು, ದುಡ್ಡು ಕೊಟ್ಟಾವ್ರಿಗೆ ಅಷ್ಟ ಕಾಣೂ ಚಾನೆಲ್ಲು, ಸ್ಮಾರ್ಟ್ ಕಾರ್ಡು, ಸೆಟ್‌ಟಾಪ್ ಬಾಕ್ಸು ಎಲ್ಲಾ ಆ ಕಡೆದು. ನಾಗ್ರಾವಿಷನ್ ಅಂತ. 1991ರಾಗ ಮಗ ಆಂಡ್ರೆ ಕಾರಭಾರ ತಗೊಂಡ, ಕಂಪನಿ ಪೂರಾ ಆ ದಿಕ್ಕಿಗೆ ಬೆಳೀತು. ರೆಕಾರ್ಡರ್ ವಿಭಾಗಾನ 2012ರಾಗ ಬ್ಯಾರೆ ಕಂಪನಿ ಮಾಡಿಬಿಟ್ರು. ಮರು ವರ್ಷ, 2013ರ ಜನವರಿಯಾಗ ಕುಡೆಲ್ಸ್ಕಿ ತೀರಿಕೊಂಡ.

ನನ್ನ ಅಭಿಪ್ರಾಯ ಕೇಳಿದ್ರ, ಹಣ ಟಿವಿ ಕಡೆ ಹೋತು, ಛಲೋ ಎಂಜಿನಿಯರುಗಳ ತಲಿನೂ ಆ ಕಡೆ ಹೋತು. ಬರೇ ಬೆಲೆ ಭಾರ ಅಂತ ನಾನು ಒಪ್ಪೂದಿಲ್ಲ. 1960ರಾಗೂ ನಾಗ್ರಾ ದುಬಾರಿನ ಇತ್ತು, ಭಾರನೂ ಇತ್ತು, ಜನ ಕೊಂಡ್ರು. ಮುಂದಿನ ಹುಚ್ಚ ಕುಡೆಲ್ಸ್ಕಿ ಆ ರೆಕಾರ್ಡರ್ ವಿಭಾಗದಾಗ ಹುಟ್ಟಲಿಲ್ಲ.

ಇಳಕಲ್_ಬೆಂಗಳೂರು
ಕಾಕಾ, 1960ರಲ್ಲಿ ಬೇರೆ ದಾರಿ ಇರ್ಲಿಲ್ಲ, ಅದಕ್ಕೆ ಕೊಂಡ್ರು. 1992ರಲ್ಲಿ ಇತ್ತು. ವ್ಯತ್ಯಾಸ ಅಷ್ಟೇ.

ಗೋಕಾಕ_ಎಂಜಿನಿಯರ್
1960ರ ದಶಕದಾಗೂ ಇತ್ತು ರೀ. ಮ್ಯೂನಿಕ್ಕಿನ ಊಹರ್ 4000 ರಿಪೋರ್ಟ್, 1961ರಾಗ ಬಂದದ್ದು, ನಾಗ್ರಾದ ಅರ್ಧ ಭಾರ, ಬೆಲೆನೂ ಕಮ್ಮಿ, ಎಷ್ಟೋ ರೇಡಿಯೋದಾವ್ರು ಅದನ್ನ ಹಿಡದು ಊರೂರು ತಿರುಗ್ಯಾರ. ಸುದ್ದಿಗೆ ಊಹರ್, ಸಂಗೀತಕ್ಕ ಮತ್ತ ಸಿನಿಮಾಕ್ಕ ನಾಗ್ರಾ, ಹಂಗ ಹಂಚಿಕೊಂಡಿದ್ರು. ಎಲ್ಲಾ ನಾಗ್ರಾನ ಮಾಡಿತು ಅನ್ನಬ್ಯಾಡ್ರಿ.

ಗುಮ್ಮಟದ_ಎಕೋ
ನಾಗ್ರಾ ಎಸ್‌ಎನ್ ಬಗ್ಗೆ ಯಾರೂ ಹೇಳಲಿಲ್ಲ? ಅಂಗೈಯಷ್ಟು ದೊಡ್ಡದು ಅಷ್ಟ, ಕ್ಯಾಸೆಟ್ ಟೇಪಿನ ಅಗಲದ್ದ ಟೇಪು, ಆದ್ರ ಸ್ಪೂಲ್ ಮ್ಯಾಲೆ. ಅಮೆರಿಕದ ಸೀಕ್ರೆಟ್ ಸರ್ವಿಸಿನಾವ್ರ ಸಲುವಾಗಿ ಮಾಡಿದ್ದಂತ. ಟೇಪ್ ಹಿಂದಕ್ಕ ಸುತ್ತಾಕ ಒಂದು ಪುಟ್ಟ ಹಿಡಕಿ ಮಡಿಚಿ ಇಟ್ಟಿರ್ತಾರ, ಕೈಲೆ ತಿರುವೂದು.

ಉದ್ಯಮಬಾಗ_ಲೇಥ್
ಅದರ ಫೋಟೋ ನೋಡೀನಿ. ಸುತ್ತೂ ಮೋಟರ್ ತಗದು ಹಿಡಕಿ ಇಟ್ಟಾರಲ್ಲ, ಜಾಗಾನೂ ಉಳೀತು ಸೆಲ್ಲೂ ಉಳೀತು. ಏನು ಬಿಡಬೇಕು ಅಂತ ಗೊತ್ತಿದ್ದಾವ ಡಿಸೈನರು.

ಈಗ ನನ್ನ ಮನಸಿನ್ಯಾಗ ಇದ್ದದ್ದು ಹೇಳಿಬಿಡ್ತೀನಿ. ಬೆಳಗಾವಿಯಾಗ ಎರಕ ಹೊಯ್ಯಾವ್ರು ಅದಾರ, ಹೈಡ್ರಾಲಿಕ್ಸ್ ಮಾಡಾವ್ರು ಅದಾರ, ಹತ್ತರಗಿಯಾಗ ವಿಮಾನದ ಬಿಡಿಭಾಗ ಆಗ್ತಾವ. ಮೈಕ್ರಾನ್ ಲೆಕ್ಕದ ಕೆಲಸ ನಮಗ ಹೊಸದಲ್ಲ. ಆದ್ರ ಎಲ್ಲಾ ಜಾಬ್ ವರ್ಕು, ಮಂದಿ ಡ್ರಾಯಿಂಗ್ ಕೊಡ್ತಾರ, ನಾವು ಕಡದು ಕೊಡ್ತೀವಿ. ಲೊಸಾನಿನ ಒಬ್ಬ ವಿದ್ಯಾರ್ಥಿ 22ನೇ ವಯಸ್ಸಿಗೆ ತನ್ನದ ಮಶೀನ್ ಮಾಡಿ ರೇಡಿಯೋ ಸ್ಟೇಶನ್ನಿಗೆ ಮಾರ್ಯಾನಂದ್ರ, ನಮ್ಮಲ್ಲಿ ಒಬ್ಬ ಯಾಕ ಮಾಡಲಿಲ್ಲ? ಕೈ ಇತ್ತು, ಲೇಥ್ ಇತ್ತು.

ಟೇಪ್_ಕಾಕಾ
ಕೊಳ್ಳಾವ್ರು ಯಾರಿದ್ರು ತಮ್ಮಾ? ಅದ ಮೂಲ. ಯುರೋಪಿನ್ಯಾಗ ಒಂದೊಂದು ದೇಶಕ್ಕ ಒಂದೊಂದು ರೇಡಿಯೋ, ಒಬ್ಬ ಒಲ್ಲೆ ಅಂದ್ರ ಇನ್ನೊಬ್ಬ ತಗೋತಾನ. ನಮ್ಮಲ್ಲಿ ಆಕಾಶವಾಣಿ ಒಂದ. ಧಾರವಾಡ ಕೇಂದ್ರ ಶುರು ಆಗಿದ್ದು 1950ರ ಜನವರಿಯಾಗ, ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟಿ ಮೂರೂ ಜಿಲ್ಲಾಕ್ಕ ಎಷ್ಟೋ ವರ್ಷ ಅದ ಧ್ವನಿ. 1995ರಾಗ ಗಾಳಿ ಅಲಿ ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ ಹೇಳಿದ ಮ್ಯಾಲೆನ ಖಾಸಗಿ ಎಫ್‌ಎಂಗೆ ದಾರಿ ಆತು, ಬೆಂಗಳೂರಿನಾಗ ಮೊದಲನೇದು 2001ಕ್ಕ. ಕಾಲೇಜಿನಾವ್ರಿಗೆ ಸಮುದಾಯ ರೇಡಿಯೋ ಕೊಡೂ ನಿಯಮ 2002ಕ್ಕ, ಸಂಘಸಂಸ್ಥೆಗಳಿಗೆ 2006ಕ್ಕ. ಅಲ್ಲೀತನಕ ಒಬ್ಬ ಹುಡುಗ ರೆಕಾರ್ಡರ್ ಮಾಡಿ ಯಾರ ಬಾಗಿಲು ಬಡೀಬೇಕಿತ್ತು? ಟೆಂಡರ್ ಕರೆದಾಗ ಹಾಕಾಕ ಅವನ ಕಡೆ ಹಿಂದಿನ ವ್ಯವಹಾರದ ಪತ್ರ ಎಲ್ಲಿಂದ ಬರಬೇಕು?

ಗೋಕಾಕ_ಎಂಜಿನಿಯರ್
ಆದ್ರ ಕಾಕಾ, ಬಿಇಎಲ್ ಬೆಂಗಳೂರಿನಾಗ ಆಕಾಶವಾಣಿಗೆ ಟ್ರಾನ್ಸ್‌ಮಿಟರ್ ಮಾಡಿ ಕೊಟ್ಟಾರಲ್ಲ. ನಮ್ಮಲ್ಲಿ ಆಗಲೇ ಇಲ್ಲ ಅನ್ನೂದು ಸರಿ ಅಲ್ಲ.

ಟೇಪ್_ಕಾಕಾ
ಅದು ಸರ್ಕಾರಿ ಕಂಪನಿ, ಸರ್ಕಾರಿ ಗಿರಾಕಿ. ದೊಡ್ಡ ಕೆಲಸ, ಇಲ್ಲ ಅನ್ನೂದಿಲ್ಲ. ನಾನು ಕೇಳೂದು ಬಾಡಿಗಿ ಖೋಲಿಯೊಳಗ ಕೂತು ಮಾಡೂ ಹುಡುಗನ್ನ.

ಬಾದಾಮಿ_ಫೀಲ್ಡ್
ಈಗ ಗಿರಾಕಿ ಅದಾರ, ಅದನ್ನ ನೋಡ್ರಿ. ಬೆಳಗಾವಿಯೊಳಗ ಕೆಎಲ್‌ಇದಾವ್ರ ವೇಣುಧ್ವನಿ 90.4 ಅದ, ಅಂಥಾ ಸಮುದಾಯ ರೇಡಿಯೋಗಳು ರಾಜ್ಯದ ತುಂಬ ಅದಾವ. ಹಳ್ಳಿಗೆ ಹೋಗಿ ರೆಕಾರ್ಡ್ ಮಾಡಾಕ ನನಗ ಏನು ಬೇಕು ಹೇಳ್ಲಿ? ಬಿಸಲಿನಾಗ ಸ್ಕ್ರೀನ್ ಕಾಣಬೇಕು. ಗಾಳಿ ಸದ್ದು ತಡಿಯೂ ಮೈಕು ಬೇಕು, ನಮ್ಮ ಬಯಲಸೀಮಿ ಗಾಳಿಗೆ ಹೊರಗಿನಿಂದ ಬಂದ ಸ್ಪಂಜು ಸಾಕಾಗೂದಿಲ್ಲ. ಧೂಳು ಒಳಗ ಹೋಗಬಾರದು. ಹಾಡಾವ್ರು ಒಮ್ಮೆಲೆ ತಾರಕಕ್ಕ ಏರಿದ್ರೂ ಒಡಕು ಬರಬಾರದು, ಇದಕ್ಕ ಈಗ 32 ಬಿಟ್ ಫ್ಲೋಟ್ ರೆಕಾರ್ಡರ್ ಬಂದಾವ, ಬಾಳ ಅನುಕೂಲ ಆಗೇದ. ಮತ್ತ ಸೆಲ್ಲು ಹಳ್ಳಿ ಅಂಗಡಿಯಾಗ ಸಿಗೂವಂಥಾದ್ದ ಇರಬೇಕು. ನಾಗ್ರಾದಾಗ ನನಗ ಹೆಚ್ಚು ಸೇರಿದ್ದು ಇದ ನೋಡ್ರಿ, ಟಾರ್ಚಿನ ಸೆಲ್ ಹಾಕಿದ್ರ ನಡೀತದ. ಈಗಿನವಕ್ಕ ಅದರದ ಬ್ಯಾಟರಿ, ಅದರದ ಚಾರ್ಜರು, ಮರತು ಹೋದ್ರ ದಿನ ಹಾಳು.

ಮುಧೋಳ_ಮೈಕ್‌ಸೆಟ್
ಅಕ್ಕಾರ, ಗಾಳಿಗೆ ನಾವು ಕುರಿ ಉಣ್ಣಿದು ಮಾಡೀವಿ. ಕಂಬಳಿ ನೇಯೂದಕ್ಕಿಂತ ಮೊದ್ಲ ಇರೂ ಉಣ್ಣಿ, ಸಡಲಾಗಿ ತಂತಿ ಬುಟ್ಟಿ ಮ್ಯಾಲೆ ಸುತ್ತೂದು. ಮೈಕಿಗೂ ಉಣ್ಣಿಗೂ ನಡುವ ಎರಡು ಬೆರಳು ಜಾಗಾ ಬಿಡಬೇಕು, ಮೈಕಿಗೆ ತಾಗಿಸಿ ಸುತ್ತಿದ್ರ ಧ್ವನಿ ಮುಚ್ತದ. ಹೊಲದಾಗ ಭಾಷಣಕ್ಕ ಇದ ಹಾಕ್ತೀನಿ.

ಬಾದಾಮಿ_ಫೀಲ್ಡ್
ಇದನ್ನ ನೋಡಬೇಕು ಅಣ್ಣಾ, ಮುಧೋಳಕ್ಕ ಬಂದಾಗ ಅಂಗಡಿಗೆ ಬರ್ತೀನಿ. ಒಳಗ ನಿಂತ ಗಾಳಿ ಇರಬೇಕು ಅನ್ನೋದ ಅದರ ಸೂತ್ರ, ದೊಡ್ಡ ಕಂಪನಿಯಾವ್ರೂ ಅದನ್ನ ಮಾಡೂದು.

ಗುಮ್ಮಟದ_ಎಕೋ
ನಂದೊಂದು ಪ್ರಶ್ನೆ. ಗೋಳಗುಮ್ಮಟದ ಪ್ರತಿಧ್ವನಿನ ರೆಕಾರ್ಡ್ ಮಾಡಿ ಹಾಡಿಗೆ ಹಾಕಬಹುದೇನು? ಅಂದ್ರ ಯಾರ ಹಾಡಿದ್ರೂ ಗುಮ್ಮಟದೊಳಗ ಹಾಡಿದಂಗ ಕೇಳಬೇಕು.

ಇಳಕಲ್_ಬೆಂಗಳೂರು
ಆಗುತ್ತೆ. ಒಳಗೆ ಒಂದು ಚಿಕ್ಕ ಪಟ್ ಅನ್ನೋ ಸದ್ದು ಮಾಡಿ, ಅಥವಾ ಕೆಳಗಿನಿಂದ ಮೇಲಿನ ತನಕ ಏರೋ ಸ್ವೀಪ್ ಪ್ಲೇ ಮಾಡಿ, ಬರೋ ಉತ್ತರ ಪೂರ್ತಿ ರೆಕಾರ್ಡ್ ಮಾಡ್ಕೊಂಡ್ರೆ ಸಾಫ್ಟ್‌ವೇರ್ ಅದನ್ನ ಯಾವ ಧ್ವನಿಗೆ ಬೇಕಾದ್ರೂ ಹಚ್ಚುತ್ತೆ. ಕನ್ವಲ್ಯೂಷನ್ ರಿವರ್ಬ್ ಅಂತಾರೆ, 1999ರಲ್ಲಿ ಸೋನಿ ಇದಕ್ಕೆ ಒಂದು ಮಶೀನ್ ತಂದಿತ್ತು. ಆದ್ರೆ ಪುರಾತತ್ವ ಇಲಾಖೆ ಅನುಮತಿ ಬೇಕು, ಮತ್ತೆ ಪ್ರವಾಸಿಗರು ಕೂಗ್ತಾ ಇರೋವಾಗ ಆಗಲ್ಲ, ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗ್ಬೇಕು.

ಟೇಪ್_ಕಾಕಾ
ಅದಕ್ಕೂ ಮೊದ್ಲ ಜರ್ಮನಿಯ ಇಎಂಟಿ ಕಂಪನಿದು 140 ಅಂತ ಪ್ರತಿಧ್ವನಿ ಕೊಡೂ ಪ್ಲೇಟ್ ಇತ್ತು, 1957ದ್ದು. ಒಂದು ದೊಡ್ಡ ಉಕ್ಕಿನ ತಗಡು, 2 ಮೀಟರ್ ಉದ್ದ 1 ಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪ, ಕಬ್ಬಿಣದ ಚೌಕಟ್ಟಿಗೆ ಬಿಗದು ಜೋತು ಬಿಟ್ಟಿರ್ತಾರ. ನಡುವ ಒಂದು ಡ್ರೈವರ್ ತಗಡನ್ನ ಅಲಗಾಡಿಸ್ತದ, ಬ್ಯಾರೆ ಕಡೆ ಪಿಕಪ್ ಆ ಅಲುಗಾಟ ಹಿಡೀತದ. ಇಡೀ ಪೆಟ್ಟಿಗಿ 270 ಕಿಲೋ ಹತ್ರ. ಆದ್ರೂ ರೇಡಿಯೋದಾವ್ರು ಹಿಗ್ಗಿದ್ರು, ಯಾಕಂದ್ರ ಅಲ್ಲೀತನಕ ಪ್ರತಿಧ್ವನಿಗೆ ಒಂದು ಖಾಲಿ ಖೋಲಿನ ಕಟ್ಟಬೇಕಿತ್ತು.

ಗೋಕಾಕ_ಎಂಜಿನಿಯರ್
ಮತ್ತ ಜರ್ಮನ್ನರ!

ಉದ್ಯಮಬಾಗ_ಲೇಥ್
ತಡೀರಿ ತಡೀರಿ. 2 ಮೀಟರ್ 1 ಮೀಟರ್ ಅರ್ಧ ಮಿಲಿಮೀಟರ್ ಕೋಲ್ಡ್ ರೋಲ್ಡ್ ತಗಡು ಅಷ್ಟ ಏನು? ಅದು ನಮ್ಮ ಏರಿಯಾದಾಗ ಸಿಗ್ತೈತಿ. ಚೌಕಟ್ಟು ಚೌಕ ಪೈಪಿನಾಗ ವೆಲ್ಡ್ ಮಾಡ್ತೀನಿ, ಮೂಲಿಗೆ ಸ್ಪ್ರಿಂಗು ಹಾಕಿ ಬೋಲ್ಟಿನಿಂದ ಬಿಗಿಯೂದು. ತಿಳಕವಾಡಿ ಸರ್, ನಿಮ್ಮ ಲ್ಯಾಬಿನ್ಯಾಗ ಜಾಗಾ ಐತೇನು? ಡ್ರೈವರು ಪಿಕಪ್ಪು ನಿಮ್ಮ ಹುಡುಗರು ನೋಡ್ಕೊಳ್ಳಿ.

ತಿಳಕವಾಡಿ_ರೇಡಿಯೋ
ಗ್ವಾಡಿ ಮಗ್ಗಲಿಗೆ ಜಾಗಾ ಐತಿ ಅಣ್ಣಾ, ಖಂಡಿತ ಮಾಡೂಣು. ಡ್ರೈವರಿಗೆ ಹಳೇ ಸ್ಪೀಕರಿನ ಕಾಯಿಲ್ ನೋಡ್ತೀವಿ, ಪಿಕಪ್ಪಿಗೆ ಅಲುಗಾಟವನ್ನ ಕರೆಂಟ್ ಮಾಡೂ ಪಿಯಾಜೋ ಡಿಸ್ಕ್ ಸಾಕು ಅನಿಸ್ತದ. ಕಾಕಾ, ತಗಡು ಎಷ್ಟು ಬಿಗಿ ಇರಬೇಕು, ಏನರೆ ಲೆಕ್ಕ ಐತೇನು?

ಟೇಪ್_ಕಾಕಾ
ನಾಲ್ಕೂ ಮೂಲಿ ಸಮಾ ಬಿಗೀರಿ, ಬೆರಳಲೆ ಬಡದ್ರ ಗುಡುಗಿನಂಗ ಗದಗದ ಅನ್ನಬಾರದು, ಸಡಲ ಆದ್ರ ಹಂಗ ಆಗ್ತದ. ಹೆಚ್ಚು ಬಿಗದ್ರ ಮೂಲ್ಯಾಗ ಹರೀತದ, ಅದಕ್ಕ ಮೂಲಿಗೆ ತುಂಡು ತಗಡು ಇಟ್ಟು ದಪ್ಪ ಮಾಡಿ ಆಮ್ಯಾಲೆ ತೂತು ಹೊಡಿಯಾಕ ಹೇಳ್ರಿ.

ಉದ್ಯಮಬಾಗ_ಲೇಥ್
ಆತ್ರಿ ಕಾಕಾ. ತಿಳಕವಾಡಿ ಸರ್, ಆ ಪಿಂಚ್ ರೋಲರೂ ಬಿಚ್ಚಿ ಇಟ್ಟಿರ್ರಿ, ಬುಷ್ ಒಳಗಿನ ವ್ಯಾಸ, ರಬ್ಬರಿನ ಹೊರಗಿನ ವ್ಯಾಸ, ಎತ್ತರ ಮೂರೂ ಬೇಕು. ರಬ್ಬರ್ ಹೊಸದು ಹಾಕಿಸಿ ಗ್ರೈಂಡಿಂಗ್ ನಾನ ಮಾಡಿ ಕೊಡ್ತೀನಿ. ಸೋಮವಾರ ಶಾಪಿಗೆ ಬರ್ರಿ, ಶನಿವಾರ ಡಿಸ್ಪ್ಯಾಚ್ ಐತಿ.

ಜಮಖಂಡಿ_09
ಫೋಟೋ ಇನ್ನೂ ಬಂದಿಲ್ಲ ನೋಡ್ರಿ.